ಆರಿ ಹೋಗುವ ಆವಿಗೆ: ಅನಿಲ ಕುಂಬಾರಿಕೆಯಲ್ಲಿ ದೋಷ ಪತ್ತೆಯ ಕ್ರಮ

‘ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ’ ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಮಣ್ಣನ್ನು ಹದಗೊಳಿಸಿ, ತಿಗರಿಯ ಮೇಲೆ ರೂಪ ಕೊಟ್ಟು, ನೆರಳಿನಲ್ಲಿ ಒಣಗಿಸಿ, ಮೆರುಗು ಲೇಪಿಸಿ ವಾರಗಟ್ಟಲೆ ದುಡಿದು ಸಿದ್ಧಪಡಿಸಿದ ಸರಕು ಕ್ಷಣಮಾತ್ರದಲ್ಲಿ ಹಾಳಾಗಬಲ್ಲದು. ಅನಿಲದ ಆವಿಗೆಯನ್ನು ಬಳಸುವ ಇಂದಿನ ಸಣ್ಣ ತಯಾರಕನಿಗೆ ದೊಣ್ಣೆಯ ಭಯಕ್ಕಿಂತ ಹೆಚ್ಚಿನದು ನಡುರಾತ್ರಿಯಲ್ಲಿ ಸದ್ದಿಲ್ಲದೆ ಆರಿ ಹೋಗುವ ಉರಿಯ ಭಯ. ಬೆಳಿಗ್ಗೆ ಬಂದು ನೋಡಿದಾಗ ಆವಿಗೆ ತಣ್ಣಗಾಗಿರುತ್ತದೆ. ಸಿಲಿಂಡರಿನಲ್ಲಿ ಅನಿಲ ಉಳಿದಿರುತ್ತದೆ. ಒಪ್ಪಿಕೊಂಡ ಬೇಡಿಕೆಯ ದಿನಾಂಕ ಮಾತ್ರ ಹತ್ತಿರವಾಗುತ್ತಿರುತ್ತದೆ.

ನಮ್ಮ ನಾಡಿಗೆ ಸುಟ್ಟ ಮಣ್ಣಿನ ಕೈಗಾರಿಕೆ ಹೊಸದಲ್ಲ. ಬಾಸೆಲ್ ಮಿಷನ್ ಸಂಸ್ಥೆಯವರು ಮಂಗಳೂರಿನಲ್ಲಿ 1865ರಲ್ಲಿ ಹೆಂಚಿನ ಕಾರ್ಖಾನೆಯನ್ನು ಆರಂಭಿಸಿದಂದಿನಿಂದ ಮಂಗಳೂರು ಹೆಂಚು ದೇಶವಿದೇಶಗಳಲ್ಲಿ ಹೆಸರಾಯಿತು. ಬೆಳಗಾವಿ ಜಿಲ್ಲೆಯ ಖಾನಾಪುರದ ಮಣ್ಣು ಮತ್ತು ಅಲ್ಲಿನ ಕುಂಬಾರಿಕೆ ತರಬೇತಿ ಸಂಸ್ಥೆ ಉದ್ಯಮಿಗಳಿಗೆ ಪರಿಚಿತವಾದವು. ಈ ಎಲ್ಲ ಕೆಲಸವೂ ಬಹುಕಾಲ ಸೌದೆ ಮತ್ತು ಕಲ್ಲಿದ್ದಲಿನ ಉರಿಯನ್ನೇ ನಂಬಿತ್ತು. ಈಚಿನ ದಶಕಗಳಲ್ಲಿ ಸೌದೆಯ ಅಭಾವ, ಹೊಗೆಯ ಕುರಿತ ದೂರು ಹಾಗೂ ಸರಕಿನ ಗುಣಮಟ್ಟದಲ್ಲಿ ಏಕರೂಪತೆಯ ಬೇಡಿಕೆ ತಯಾರಕರನ್ನು ಅನಿಲದ ಕಡೆಗೆ ತಿರುಗಿಸಿವೆ. ಗುಜರಾತಿನ ಮೋರ್ಬಿಯಲ್ಲಿ ಕಲ್ಲಿದ್ದಲಿನಿಂದ ಅನಿಲ ತೆಗೆಯುವ ಘಟಕಗಳನ್ನು ಮುಚ್ಚುವಂತೆ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣವು 2019ರ ಮಾರ್ಚ್ ತಿಂಗಳಲ್ಲಿ ಆದೇಶಿಸಿದ ಮೇಲೆ ಅಲ್ಲಿನ ಹೆಂಚು ಉದ್ಯಮ ಇಡಿಯಾಗಿ ಬೇರೆ ಅನಿಲಕ್ಕೆ ಹೊರಳಬೇಕಾಯಿತು. ದೊಡ್ಡ ಕಾರ್ಖಾನೆಗಳಲ್ಲಿ ಉರಿಯನ್ನು ಕಾಯಲು ತಂತ್ರಜ್ಞರಿರುತ್ತಾರೆ. ನಾಲ್ಕಾರು ಮಂದಿ ದುಡಿಯುವ ಸಣ್ಣ ಘಟಕದಲ್ಲಿ ಮಾಲೀಕನೇ ತಂತ್ರಜ್ಞನಾಗಬೇಕು. ಆದ್ದರಿಂದ ಉರಿ ಏಕೆ ಆರುತ್ತದೆ, ಕಾರಣವನ್ನು ಯಾವ ಕ್ರಮದಲ್ಲಿ ಹುಡುಕಬೇಕು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಕೇಳಬೇಕಾದ ಮೊದಲ ಪ್ರಶ್ನೆ

ಉರಿ ನಿಲ್ಲಲು ಮೂರು ಸಂಗತಿಗಳು ಬೇಕು: ಸಾಕಷ್ಟು ಅನಿಲ, ಸಾಕಷ್ಟು ಗಾಳಿ ಮತ್ತು ಅವೆರಡೂ ಬೆರೆತ ಮಿಶ್ರಣ ಹೊತ್ತಿಕೊಂಡೇ ಇರಲು ಬೇಕಾದ ಶಾಖ. ಸುರಕ್ಷತಾ ಕವಾಟವಿರುವ ಆವಿಗೆಯಲ್ಲಿ ನಾಲ್ಕನೆಯದೊಂದು ಸೇರುತ್ತದೆ. ಉರಿ ಇದೆಯೆಂದು ಕವಾಟಕ್ಕೆ ತಿಳಿಸುವ ಕಾವಲು ಸಾಧನವೂ ಸರಿಯಾಗಿರಬೇಕು. ಈ ನಾಲ್ಕರಲ್ಲಿ ಒಂದು ತಪ್ಪಿದರೂ ಆವಿಗೆ ಆರುತ್ತದೆ.

ಆವಿಗೆ ಆರಿದಾಗ ಅನೇಕರು ಮೊದಲು ಬರ್ನರುಗಳನ್ನು ಬಿಚ್ಚುತ್ತಾರೆ, ಇಲ್ಲವೆ ರೆಗ್ಯುಲೇಟರನ್ನು ಬದಲಿಸುತ್ತಾರೆ. ಇದು ಕಾಯಿಲೆ ಯಾವುದೆಂದು ಕೇಳದೆ ಔಷಧ ಕೊಟ್ಟಂತೆ. ಕೇಳಬೇಕಾದ ಮೊದಲ ಪ್ರಶ್ನೆ ‘ಯಾವಾಗ ಆರಿತು?’ ಎಂಬುದು. ಗುಂಡಿಯನ್ನು ಬಿಟ್ಟೊಡನೆ ಆರುವ ಉರಿ, ಮೊದಲ ಅರ್ಧ ಗಂಟೆಯಲ್ಲಿ ಆರುವ ಉರಿ, ಕೆಲವು ಗಂಟೆಗಳ ನಂತರ ಕುಗ್ಗಿ ಆರುವ ಉರಿ, ಕೆಂಪು ಕಾವು ಬಂದ ಮೇಲೆ ಆರುವ ಉರಿ, ಇವು ನಾಲ್ಕು ಬೇರೆ ಬೇರೆ ದೋಷಗಳು. ಸಮಯ ಗೊತ್ತಾದರೆ ಅರ್ಧದಷ್ಟು ಹುಡುಕಾಟ ಮುಗಿದಂತೆಯೇ.

ಗುಂಡಿ ಬಿಟ್ಟೊಡನೆ ಆರಿದರೆ

ಪೈಲಟ್ ಜ್ವಾಲೆ ಹೊತ್ತಿಕೊಳ್ಳುತ್ತದೆ. ಗುಂಡಿಯನ್ನು ಒತ್ತಿಹಿಡಿದಿರುವವರೆಗೆ ಉರಿಯುತ್ತದೆ. ಕೈ ತೆಗೆದೊಡನೆ ನಂದುತ್ತದೆ. ಇದು ಅತಿ ಸಾಮಾನ್ಯ ದೂರು. ಹತ್ತರಲ್ಲಿ ಬಹುಪಾಲು ಸಂದರ್ಭಗಳಲ್ಲಿ ಇದರ ಕಾರಣ ಥರ್ಮೋಕಪಲ್ ಅಥವಾ ಅದನ್ನು ಕಾಯಿಸುವ ಪೈಲಟ್ ಜ್ವಾಲೆಯಲ್ಲಿರುತ್ತದೆ.

ಎರಡು ಭಿನ್ನ ಲೋಹಗಳನ್ನು ಒಂದು ತುದಿಯಲ್ಲಿ ಬೆಸೆದು ಆ ತುದಿಯನ್ನು ಕಾಯಿಸಿದರೆ ಅಲ್ಪ ಪ್ರಮಾಣದ ವಿದ್ಯುತ್ ಹುಟ್ಟುತ್ತದೆ ಎಂಬ ತತ್ತ್ವವನ್ನು ಥಾಮಸ್ ಸೀಬೆಕ್ 1821ರಲ್ಲಿ ಗುರುತಿಸಿದರು. ಸುರಕ್ಷತಾ ಕವಾಟದ ಥರ್ಮೋಕಪಲ್ ಕೆಲಸ ಮಾಡುವುದು ಇದೇ ತತ್ತ್ವದ ಮೇಲೆ. ಅದು ಹುಟ್ಟಿಸುವ ವಿದ್ಯುತ್ ಒಂದು ಪುಟ್ಟ ವಿದ್ಯುತ್ ಕಾಂತವನ್ನು ಹಿಡಿದಿಡುತ್ತದೆ. ಆ ಕಾಂತ ಕವಾಟವನ್ನು ತೆರೆದಿಡುತ್ತದೆ. ಜ್ವಾಲೆ ಆರಿದರೆ ಥರ್ಮೋಕಪಲ್ ತಣಿಯುತ್ತದೆ, ಕಾಂತ ಬಿಡುತ್ತದೆ, ಅನಿಲ ತಾನಾಗಿ ನಿಲ್ಲುತ್ತದೆ.

ಪರೀಕ್ಷೆಯನ್ನು ಈ ಕ್ರಮದಲ್ಲಿ ನಡೆಸುವುದು ಒಳ್ಳೆಯದು. ಮೊದಲನೆಯದಾಗಿ, ಗುಂಡಿಯನ್ನು ಒಂದು ನಿಮಿಷದವರೆಗೆ ಒತ್ತಿಹಿಡಿದು ನೋಡಬೇಕು. ತಣ್ಣಗಿರುವ ಥರ್ಮೋಕಪಲ್ ಕಾಯಲು ಸಮಯ ಬೇಕು. ಹತ್ತು ಸೆಕೆಂಡಿಗೆ ಕೈಬಿಟ್ಟು ದೋಷವಿದೆಯೆಂದು ತೀರ್ಮಾನಿಸುವವರು ಅನೇಕರಿದ್ದಾರೆ. ಎರಡನೆಯದಾಗಿ, ಪೈಲಟ್ ಜ್ವಾಲೆಯನ್ನು ಗಮನಿಸಬೇಕು. ಅದು ನೀಲಿಯಾಗಿ, ಬಿರುಸಾಗಿ, ಥರ್ಮೋಕಪಲ್ಲಿನ ತುದಿಯ ಸುಮಾರು ಒಂದು ಸೆಂಟಿಮೀಟರ್ ಭಾಗವನ್ನು ಸುತ್ತುವರಿದಿರಬೇಕು. ಹಳದಿಯಾಗಿ ತೂಗಾಡುವ ಜ್ವಾಲೆ ತುದಿಗೆ ಮಸಿ ಮೆತ್ತುತ್ತದೆಯೇ ಹೊರತು ಕಾಯಿಸುವುದಿಲ್ಲ. ಇಂತಹ ಜ್ವಾಲೆಗೆ ಕಾರಣ ಪೈಲಟ್ ರಂಧ್ರದಲ್ಲಿ ಸೇರಿದ ದೂಳು, ಜೇಡನ ಬಲೆ ಅಥವಾ ಅನಿಲದೊಡನೆ ಬಂದ ಎಣ್ಣೆಯ ಜಿಡ್ಡು. ರಂಧ್ರವನ್ನು ಗಾಳಿಯೂದಿ ಶುಚಿಗೊಳಿಸಬೇಕು. ಸೂಜಿ ಅಥವಾ ತಂತಿ ತೂರಿಸಿದರೆ ರಂಧ್ರ ದೊಡ್ಡದಾಗಿ ಜ್ವಾಲೆಯ ಪ್ರಮಾಣವೇ ಕೆಡುತ್ತದೆ.

ಮೂರನೆಯದಾಗಿ, ಥರ್ಮೋಕಪಲ್ ಕವಾಟಕ್ಕೆ ಸೇರುವ ತಿರುಪಿನ ಜೋಡಣೆಯನ್ನು ನೋಡಬೇಕು. ಇಲ್ಲಿ ಹರಿಯುವುದು ಮಿಲಿವೋಲ್ಟಿನ ಲೆಕ್ಕದ ವಿದ್ಯುತ್. ಜೇಡಿಮಣ್ಣಿನ ದೂಳಿನ ತೆಳು ಪೊರೆಯೂ ಅದನ್ನು ತಡೆಯಲು ಸಾಕು. ಜೋಡಣೆಯನ್ನು ಬಿಚ್ಚಿ, ಒಣ ಬಟ್ಟೆಯಿಂದ ಒರೆಸಿ, ಬೆರಳಿನಿಂದ ಬಿಗಿಮಾಡಿ ಅನಂತರ ಸ್ಪ್ಯಾನರಿನಿಂದ ಕಾಲು ಸುತ್ತು ತಿರುಗಿಸಿದರೆ ಸಾಕು. ಹೆಚ್ಚು ಬಿಗಿದರೆ ಒಳಗಿನ ನಿರೋಧಕ ಒಡೆದು ಹೊಸ ದೋಷ ಹುಟ್ಟುತ್ತದೆ. ನಾಲ್ಕನೆಯದಾಗಿ, ಮಲ್ಟಿಮೀಟರ್ ಇದ್ದಲ್ಲಿ ಕವಾಟದಿಂದ ಬಿಚ್ಚಿದ ಥರ್ಮೋಕಪಲ್ಲನ್ನು ಜ್ವಾಲೆಯಲ್ಲಿಟ್ಟು ಅಳೆಯಬಹುದು. ಸುಸ್ಥಿತಿಯಲ್ಲಿರುವುದು 25ರಿಂದ 30 ಮಿಲಿವೋಲ್ಟ್ ತೋರಿಸುತ್ತದೆ. ಅದರ ಅರ್ಧಕ್ಕೆ ಇಳಿದಿದ್ದರೆ ಬದಲಿಸುವುದೇ ಸರಿ. ಥರ್ಮೋಕಪಲ್ ಸರಿಯಾಗಿದ್ದೂ ಕವಾಟ ಹಿಡಿಯದಿದ್ದರೆ ದೋಷ ಕಾಂತದಲ್ಲಿದೆ. ಕವಾಟವನ್ನು ಬದಲಿಸಬೇಕೇ ವಿನಾ ಬಿಚ್ಚಿ ದುರಸ್ತಿ ಮಾಡಬಾರದು.

ಮೊದಲ ಅರ್ಧ ಗಂಟೆಯಲ್ಲಿ ಆರಿದರೆ

ಈ ಅವಧಿಯಲ್ಲಿ ಆರುವ ಉರಿಗೆ ಕಾರಣ ಸಾಮಾನ್ಯವಾಗಿ ಗಾಳಿ. ಪ್ರೊಪೇನ್ ಅನಿಲದ ಒಂದು ಪಾಲು ಪೂರ್ಣವಾಗಿ ಉರಿಯಲು ಸುಮಾರು 24 ಪಾಲು ಗಾಳಿ ಬೇಕು. ಬ್ಯುಟೇನ್‌ಗೆ ಸುಮಾರು 31 ಪಾಲು. ಇಷ್ಟೊಂದು ಗಾಳಿ ಒಳಗೆ ಬರಬೇಕಾದರೆ ಉರಿದು ಉಳಿದ ಹೊಗೆಗಾಳಿ ಹೊರಗೆ ಹೋಗಬೇಕು. ಅದನ್ನು ಹೊರಗೆಳೆಯುವುದು ಚಿಮಣಿಯ ಸೆಳೆತ. ಚಿಮಣಿಯೊಳಗಿನ ಗಾಳಿ ಬಿಸಿಯಾಗಿದ್ದರೆ ಮಾತ್ರ ಸೆಳೆತ ಹುಟ್ಟುತ್ತದೆ.

ಜ್ವಾಲೆ ಮೇಲೇರಿ, ಸರಕಿನ ನಡುವೆ ಕೆಳಗಿಳಿದು, ನೆಲಮಟ್ಟದ ಕಂಡಿಯಿಂದ ಚಿಮಣಿಗೆ ಹೋಗುವಂತೆ ಕಟ್ಟಿದ ಆವಿಗೆಗಳಲ್ಲಿ ಈ ತೊಂದರೆ ಹೆಚ್ಚು. ಮಳೆಗಾಲದಲ್ಲಿ ಚಿಮಣಿಯ ಇಟ್ಟಿಗೆ ತೇವ ಹೀರಿ ತಣ್ಣಗಿರುತ್ತದೆ. ಬರ್ನರ್ ಹೊತ್ತಿಸಿದಾಗ ಹೊಗೆಗಾಳಿ ಮೇಲಕ್ಕೆ ಹೋಗದೆ ಆವಿಗೆಯೊಳಗೇ ಮಡುಗಟ್ಟಿ ಬರ್ನರಿನ ಬಾಯಿಗೆ ಮರಳುತ್ತದೆ. ಉರಿಗೆ ಆಮ್ಲಜನಕ ಸಿಗದೆ ಅದು ಉಸಿರುಗಟ್ಟಿ ಆರುತ್ತದೆ. ಡ್ಯಾಂಪರನ್ನು ಪೂರ್ಣವಾಗಿ ತೆರೆದು, ಚಿಮಣಿಯ ಬುಡದಲ್ಲಿ ಕಾಗದ ಅಥವಾ ಒಣ ತರಗನ್ನು ಸ್ವಲ್ಪ ಹೊತ್ತು ಉರಿಸಿ, ಆ ಉರಿ ಪೂರ್ತಿ ಆರಿದ ಮೇಲೆ ಬರ್ನರ್ ಹೊತ್ತಿಸಿದರೆ ಈ ತೊಂದರೆ ನೀಗುತ್ತದೆ. ಸೆಳೆತ ಇದೆಯೋ ಇಲ್ಲವೋ ಎಂದು ತಿಳಿಯಲು ಊದುಬತ್ತಿಯ ಹೊಗೆಯಷ್ಟು ಒಳ್ಳೆಯ ಸಾಧನ ಬೇರಿಲ್ಲ. ಅನಿಲ ತೆರೆಯುವ ಮುನ್ನವೇ, ಸುತ್ತ ಅನಿಲದ ವಾಸನೆಯಿಲ್ಲವೆಂದು ಖಚಿತಪಡಿಸಿಕೊಂಡು, ಅದನ್ನು ಬರ್ನರ್ ಕಂಡಿಯ ಬಳಿ ಹಿಡಿದಾಗ ಹೊಗೆ ಒಳಕ್ಕೆ ಹೋದರೆ ಸೆಳೆತವಿದೆ. ಹೊರಕ್ಕೆ ಬಂದರೆ ಇಲ್ಲ. ಚಿಮಣಿಯಲ್ಲಿ ಹಕ್ಕಿಗೂಡು, ಜೇನುಗೂಡು ಅಥವಾ ಕುಸಿದ ಇಟ್ಟಿಗೆ ಇಲ್ಲವೆಂಬುದನ್ನೂ ನೋಡಿಕೊಳ್ಳಬೇಕು.

ಹೊರಗಿನ ಬೀಸುಗಾಳಿಯೂ ಪೈಲಟ್ ಜ್ವಾಲೆಯನ್ನು ಥರ್ಮೋಕಪಲ್ಲಿನಿಂದ ಸರಿಸಿ ಕವಾಟವನ್ನು ಮುಚ್ಚಿಸಬಲ್ಲದು. ಒಂದೇ ಬದಿಯ ಬರ್ನರ್ ಮತ್ತೆ ಮತ್ತೆ ಆರುತ್ತಿದ್ದರೆ ಆ ಬದಿಗೆ ಗಾಳಿತಡೆ ನಿಲ್ಲಿಸಿ ನೋಡಬೇಕು. ಗಾಳಿತಡೆ ಬರ್ನರಿನಿಂದ ದೂರವಿರಲಿ. ಉರಿಗೆ ಬೇಕಾದ ಗಾಳಿಯನ್ನೇ ಅದು ಕಟ್ಟಿಹಾಕಬಾರದು. ಇದೇ ಕಾರಣದಿಂದ ಶೆಡ್ಡಿನ ಬಾಗಿಲು ಕಿಟಕಿಗಳನ್ನು ಮುಚ್ಚಿ ಸುಡುವುದೂ ತಪ್ಪು.

ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ. ಇಲ್ಲಿನ ಗಾಳಿ ಕರಾವಳಿಯ ಗಾಳಿಗಿಂತ ಸುಮಾರು ಹತ್ತನೇ ಒಂದು ಭಾಗದಷ್ಟು ತೆಳು. ಕರಾವಳಿಯಲ್ಲಿ ಹೊಂದಿಸಿದ ಬರ್ನರನ್ನು ಬಯಲುಸೀಮೆಗೋ ಕೊಡಗಿಗೋ ತಂದಾಗ ಅದರ ಗಾಳಿತೆರೆಯನ್ನು ಮತ್ತೆ ಹೊಂದಿಸಬೇಕಾಗುತ್ತದೆ.

ಕೆಲವು ಗಂಟೆಗಳ ನಂತರ ಕುಗ್ಗಿ ಆರಿದರೆ

ಆವಿಗೆ ಚೆನ್ನಾಗಿ ಹೊತ್ತಿಕೊಂಡು, ಎರಡು ಮೂರು ಗಂಟೆ ಏರುತ್ತಾ ಹೋಗಿ, ಅನಂತರ ಉರಿ ನಿಧಾನವಾಗಿ ಸಣ್ಣದಾಗಿ ಆರಿದರೆ ಸಿಲಿಂಡರನ್ನು ಮುಟ್ಟಿ ನೋಡಬೇಕು. ಅದರ ಕೆಳಭಾಗದಲ್ಲಿ ಬೆವರು ಅಥವಾ ಹಿಮದ ಪೊರೆ ಕಂಡರೆ ಕಾರಣ ಸ್ಪಷ್ಟ.

ಸಿಲಿಂಡರಿನೊಳಗೆ ಇರುವುದು ದ್ರವ. ಅದು ಆವಿಯಾಗಲು ಶಾಖ ಬೇಕು. ಆ ಶಾಖವನ್ನು ಅದು ತನ್ನಿಂದಲೂ ಸಿಲಿಂಡರಿನ ಉಕ್ಕಿನಿಂದಲೂ ಸುತ್ತಲಿನ ಗಾಳಿಯಿಂದಲೂ ಪಡೆಯುತ್ತದೆ. ಒಂದು ಕಿಲೋ ದ್ರವ ಆವಿಯಾಗಲು ಸುಮಾರು 90 ಕಿಲೋಕ್ಯಾಲರಿ ಶಾಖ ಬೇಕು. ನಾಲ್ಕು ಬರ್ನರುಗಳ ಆವಿಗೆ ಗಂಟೆಗೆ 4 ಕಿಲೋ ಅನಿಲ ಬೇಡುತ್ತದೆಂದು ಇಟ್ಟುಕೊಳ್ಳೋಣ. ಆಗ ಬೇಕಾದ ಶಾಖ 360 ಕಿಲೋಕ್ಯಾಲರಿ. ತುಂಬಿದ 19 ಕಿಲೋ ವಾಣಿಜ್ಯ ಸಿಲಿಂಡರ್ ಒಂದರಿಂದಲೇ ಇಷ್ಟನ್ನು ಎಳೆದರೆ, ಹೊರಗಿನಿಂದ ಶಾಖ ಸೇರದಿದ್ದ ಪಕ್ಷದಲ್ಲಿ, ಅದರ ತಾಪ ಒಂದೇ ಗಂಟೆಯಲ್ಲಿ 25 ಡಿಗ್ರಿಗೂ ಹೆಚ್ಚು ಕುಸಿಯಬೇಕಾಗುತ್ತದೆ. ಸುತ್ತಲಿನ ಗಾಳಿ ಸ್ವಲ್ಪ ಶಾಖ ಕೊಡುವುದರಿಂದ ಕುಸಿತ ನಿಧಾನವಾಗುತ್ತದೆ. ಆದರೆ ಡಿಸೆಂಬರಿನ ರಾತ್ರಿಯಲ್ಲಿ ಅದೂ ಕಡಿಮೆಯೇ.

ಇನ್ನೊಂದು ಅಂಶವಿದೆ. ಎಲ್.ಪಿ.ಜಿ. ಎಂಬುದು ಮುಖ್ಯವಾಗಿ ಪ್ರೊಪೇನ್ ಮತ್ತು ಬ್ಯುಟೇನ್‌ಗಳ ಮಿಶ್ರಣ. ಪ್ರೊಪೇನ್ ಸೊನ್ನೆಗಿಂತ 42 ಡಿಗ್ರಿ ಕೆಳಗೇ ಕುದಿಯುತ್ತದೆ. ಬ್ಯುಟೇನ್ ಸುಮಾರು ಸೊನ್ನೆ ಡಿಗ್ರಿಯಲ್ಲಿ ಕುದಿಯುತ್ತದೆ. ಆವಿಯಾಗುವಾಗ ಪ್ರೊಪೇನ್ ಮುಂದಾಗಿ ಹೊರಟುಹೋಗುತ್ತದೆ. ತಳದಲ್ಲಿ ಉಳಿಯುವುದು ಹೆಚ್ಚಾಗಿ ಬ್ಯುಟೇನ್. ಸಿಲಿಂಡರ್ ಸೊನ್ನೆಯ ಹತ್ತಿರಕ್ಕೆ ತಣಿದಾಗ ಬ್ಯುಟೇನ್‌ಗೆ ಹೊರಬರುವ ಒತ್ತಡವೇ ಇರುವುದಿಲ್ಲ. ತೂಗಿ ನೋಡಿದರೆ ಐದಾರು ಕಿಲೋ ಅನಿಲ ಉಳಿದಿರುವಾಗಲೂ ಆವಿಗೆ ಆರುವುದು ಇದರಿಂದಲೇ. ವಿತರಕರು ತೂಕದಲ್ಲಿ ಮೋಸ ಮಾಡಿದರೆಂದು ದೂರುವ ಮುನ್ನ ಈ ಸಂಗತಿಯನ್ನು ನೆನೆಯುವುದು ಒಳಿತು.

ಪರಿಹಾರ ಸರಳವಾದುದು. ಒಂದು ಸಿಲಿಂಡರಿನಿಂದ ದೀರ್ಘಕಾಲ ಎಳೆಯುವ ಪ್ರಮಾಣವನ್ನು ಗಂಟೆಗೆ ಒಂದು ಕಿಲೋ ಅಥವಾ ಅದಕ್ಕೂ ಕಡಿಮೆಗೆ ಮಿತಗೊಳಿಸಿ, ಹಲವು ಸಿಲಿಂಡರುಗಳನ್ನು ಮ್ಯಾನಿಫೋಲ್ಡ್ ಮೂಲಕ ಒಟ್ಟಿಗೆ ಜೋಡಿಸಬೇಕು. ಹೆಚ್ಚಿನ ಬಳಕೆ ಇರುವವರು ದ್ರವವನ್ನೇ ಹೊರತೆಗೆದು ವಿದ್ಯುತ್ತಿನಿಂದ ಆವಿ ಮಾಡುವ ವೇಪರೈಸರ್ ವ್ಯವಸ್ಥೆಯನ್ನು ಪರಿಶೀಲಿಸಬಹುದು. ಸಿಲಿಂಡರಿಗೆ ಕುದಿಯುವ ನೀರು ಸುರಿಯುವುದು, ಬೆಂಕಿ ತೋರಿಸುವುದು, ಅಡ್ಡ ಮಲಗಿಸುವುದು ಸರ್ವಥಾ ಕೂಡದು. ಮಲಗಿಸಿದ ಸಿಲಿಂಡರಿನಿಂದ ದ್ರವವೇ ರೆಗ್ಯುಲೇಟರಿಗೆ ನುಗ್ಗಿ ಬರ್ನರಿನಲ್ಲಿ ಹಠಾತ್ತಾಗಿ ಭುಗಿಲೇಳಬಹುದು.

ಸಿಲಿಂಡರ್ ತಣಿದಿಲ್ಲದಿದ್ದರೆ ರೆಗ್ಯುಲೇಟರ್ ಮತ್ತು ಕೊಳವೆಯನ್ನು ನೋಡಬೇಕು. ಅಡುಗೆಮನೆಯ ರೆಗ್ಯುಲೇಟರ್ 30 ಮಿಲಿಬಾರ್ ಒತ್ತಡದಲ್ಲಿ ಅಲ್ಪ ಪ್ರಮಾಣದ ಅನಿಲ ಕೊಡಲು ಮಾಡಿದ್ದು. ಆವಿಗೆಗೆ ಅದು ತಕ್ಕದ್ದಲ್ಲ. ಒತ್ತಡವನ್ನು ಬರ್ನರುಗಳು ಆರಿರುವಾಗ ಅಳೆದರೆ ಪ್ರಯೋಜನವಿಲ್ಲ. ಎಲ್ಲ ಬರ್ನರುಗಳೂ ಉರಿಯುತ್ತಿರುವಾಗ, ಬರ್ನರಿನ ಹತ್ತಿರವೇ ಅಳೆಯಬೇಕು. ಆರಿರುವಾಗ ಸರಿಯಾಗಿದ್ದು ಉರಿಯುವಾಗ ಬೀಳುವ ಒತ್ತಡವು ಕೊಳವೆ ಸಣ್ಣದು, ಸೋಸುಕ ಕಟ್ಟಿದೆ ಅಥವಾ ರೆಗ್ಯುಲೇಟರ್ ಸಾಲದು ಎಂಬುದನ್ನು ತೋರಿಸುತ್ತದೆ. ಕಡಿಮೆ ಒತ್ತಡದ ವ್ಯವಸ್ಥೆಯಲ್ಲಿ ಪಾರದರ್ಶಕ ನಳಿಕೆಯನ್ನು ಯು ಆಕಾರದಲ್ಲಿ ಬಗ್ಗಿಸಿ ನೀರು ತುಂಬಿದರೆ ಒತ್ತಡಮಾಪಕ ಸಿದ್ಧ; ನೀರಿನ ಮಟ್ಟಗಳ ನಡುವಿನ 10 ಮಿಲಿಮೀಟರ್ ಅಂತರ ಸುಮಾರು ಒಂದು ಮಿಲಿಬಾರ್.

ಕೆಂಪು ಕಾವು ಬಂದ ಮೇಲೆ ಆರಿದರೆ

ಇದು ಅತಿ ದುಬಾರಿಯಾದ ದೋಷ. ಅಷ್ಟು ಹೊತ್ತಿಗೆ ಅನಿಲದ ಬಹುಭಾಗ ವ್ಯಯವಾಗಿರುತ್ತದೆ. ಇದಕ್ಕೆ ಮೂರು ಕಾರಣಗಳು ಮುಖ್ಯ.

ಮೊದಲನೆಯದು ಡ್ಯಾಂಪರ್. ಮೆರುಗಿಗೆ ವಿಶಿಷ್ಟ ಬಣ್ಣ ಬರಲೆಂದು ಆಮ್ಲಜನಕ ಕಡಿಮೆ ಮಾಡಿ ಸುಡುವಾಗ ಡ್ಯಾಂಪರನ್ನು ಒಳಕ್ಕೆ ತಳ್ಳುವುದುಂಟು. ಹೆಚ್ಚು ತಳ್ಳಿದರೆ ಆವಿಗೆಯೊಳಗೆ ಹಿಮ್ಮುಖ ಒತ್ತಡ ಹುಟ್ಟಿ ಬರ್ನರಿನ ಬಾಯಲ್ಲಿ ಜ್ವಾಲೆ ಹೊರಚಾಚುತ್ತದೆ; ಪೈಲಟ್ ಜ್ವಾಲೆ ಗಾಳಿ ಸಿಗದೆ ಆರುತ್ತದೆ. ಡ್ಯಾಂಪರನ್ನು ಒಮ್ಮೆಗೆ ಒಂದು ಸೆಂಟಿಮೀಟರಿನಷ್ಟೇ ಸರಿಸಿ, ಹತ್ತು ನಿಮಿಷ ಕಾದು, ಅನಂತರ ಮುಂದುವರಿಯುವುದು ವಿವೇಕ. ಇಂತಹ ಸುಡುವಿಕೆಯಲ್ಲಿ ಹುಟ್ಟುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಮುಚ್ಚಿದ ಶೆಡ್ಡಿನಲ್ಲಿ ಕಾವಲುಗಾರನನ್ನು ಮಲಗಿಸುವುದು ಅವನ ಪ್ರಾಣಕ್ಕೆ ಅಪಾಯವೆಂಬುದನ್ನು ಪ್ರತಿಯೊಬ್ಬ ಮಾಲೀಕನೂ ನೆನಪಿಡತಕ್ಕದ್ದು.

ಎರಡನೆಯದು ಥರ್ಮೋಕಪಲ್ಲಿನ ತಣ್ಣನೆಯ ತುದಿ. ಥರ್ಮೋಕಪಲ್ ವಿದ್ಯುತ್ ಹುಟ್ಟಿಸುವುದು ಬಿಸಿತುದಿ ಮತ್ತು ತಣ್ಣನೆಯ ತುದಿಗಳ ತಾಪದ ವ್ಯತ್ಯಾಸದಿಂದ. ಕೆಂಡದಂತಾದ ಬರ್ನರ್ ಕಂಡಿಯ ಕಾವು ಬಡಿದು ಎರಡೂ ತುದಿಗಳು ಬಿಸಿಯಾದರೆ, ಜ್ವಾಲೆ ಚೆನ್ನಾಗಿಯೇ ಇದ್ದರೂ ವಿದ್ಯುತ್ ಕುಗ್ಗಿ ಕವಾಟ ಮುಚ್ಚುತ್ತದೆ. ಆವಿಗೆ ತಣಿದ ಮೇಲೆ ಪರೀಕ್ಷಿಸಿದರೆ ಎಲ್ಲವೂ ಸರಿಯಾಗಿರುವುದರಿಂದ ಈ ದೋಷ ಅನೇಕರನ್ನು ದಿಕ್ಕುಗೆಡಿಸುತ್ತದೆ. ಕಂಡಿ ಮತ್ತು ಕವಾಟದ ನಡುವೆ ತಗಡಿನ ಮರೆ ಇಡುವುದು, ಕವಾಟವನ್ನು ದೂರಕ್ಕೆ ಸರಿಸಿ ಉದ್ದದ ಥರ್ಮೋಕಪಲ್ ಬಳಸುವುದು ಇದಕ್ಕೆ ಪರಿಹಾರ.

ಮೂರನೆಯದು ಜ್ವಾಲೆ ಹಿಂದಕ್ಕೆ ಓಡುವುದು. ಮಿಶ್ರಣ ಹೊರಬರುವ ವೇಗಕ್ಕಿಂತ ಜ್ವಾಲೆ ಹರಡುವ ವೇಗ ಹೆಚ್ಚಾದರೆ ಉರಿ ಬರ್ನರಿನ ಬಾಯಿ ಬಿಟ್ಟು ಒಳಗಿನ ಅನಿಲದ ರಂಧ್ರದ ಬಳಿ ಉರಿಯತೊಡಗುತ್ತದೆ. ಟಪ್ ಎಂಬ ಸದ್ದು, ಅನಂತರ ಬುಸುಗುಟ್ಟುವ ಶಬ್ದ ಇದರ ಗುರುತು. ಬರ್ನರ್ ಅತಿಯಾಗಿ ಕಾಯುವುದು, ಒತ್ತಡ ತೀರಾ ಕಡಿಮೆಯಾಗುವುದು, ಬರ್ನರಿನ ತುದಿ ಸುಟ್ಟು ಸವೆದಿರುವುದು ಕಾರಣಗಳು. ತಕ್ಷಣ ಆ ಬರ್ನರನ್ನು ಮುಚ್ಚಬೇಕು. ಇದಕ್ಕೆ ವಿರುದ್ಧವಾದದ್ದು ಜ್ವಾಲೆ ಬರ್ನರಿನ ಬಾಯಿಯಿಂದ ಹಾರಿ ದೂರದಲ್ಲಿ ಉರಿದು ಆರುವುದು. ಒತ್ತಡ ಅಥವಾ ಗಾಳಿ ಅತಿಯಾದಾಗ ಹೀಗಾಗುತ್ತದೆ. ಅದು ತಣ್ಣಗಿನ ಆವಿಗೆಯಲ್ಲೇ ಹೆಚ್ಚು.

ಕೊಳವೆಯ ಅನಿಲಕ್ಕೆ ಬದಲಾಯಿಸಿದವರಿಗೆ

ದಾಬೋಲ್–ಬೆಂಗಳೂರು ಕೊಳವೆ ಮಾರ್ಗ 2013ರಲ್ಲಿ ಕಾರ್ಯಾರಂಭ ಮಾಡಿದ ಮೇಲೆ ಕರ್ನಾಟಕದ ಕೆಲವು ಕೈಗಾರಿಕಾ ಪ್ರದೇಶಗಳಿಗೆ ನೈಸರ್ಗಿಕ ಅನಿಲ ದೊರೆಯತೊಡಗಿದೆ. ಎಲ್.ಪಿ.ಜಿ.ಯ ಬರ್ನರನ್ನು ಹಾಗೆಯೇ ಇದಕ್ಕೆ ಜೋಡಿಸಿದರೆ ಉರಿ ದುರ್ಬಲವಾಗಿ ಆರುತ್ತದೆ. ಒಂದು ಘನ ಮೀಟರ್ ನೈಸರ್ಗಿಕ ಅನಿಲ ಕೊಡುವ ಶಾಖ ಅಷ್ಟೇ ಗಾತ್ರದ ಎಲ್.ಪಿ.ಜಿ. ಕೊಡುವ ಶಾಖದ ಅರ್ಧಕ್ಕೂ ಕಡಿಮೆ. ಪೈಲಟ್ ಮತ್ತು ಬರ್ನರುಗಳ ರಂಧ್ರಗಳನ್ನೂ ಒತ್ತಡವನ್ನೂ ಬದಲಿಸಲೇಬೇಕು. ಇದನ್ನು ಅನಿಲ ಕಂಪನಿಯ ಅಧಿಕೃತ ತಂತ್ರಜ್ಞರಿಂದಲೇ ಮಾಡಿಸತಕ್ಕದ್ದು.

ಮತ್ತೆ ಹೊತ್ತಿಸುವ ಮುನ್ನ

ಉರಿ ಆರಿದ ಮೇಲೂ ಥರ್ಮೋಕಪಲ್ ತಣಿದು ಕವಾಟ ಮುಚ್ಚಲು ಅರ್ಧ ನಿಮಿಷದಿಂದ ಒಂದು ನಿಮಿಷ ಹಿಡಿಯುತ್ತದೆ. ಅಷ್ಟರಲ್ಲಿ ಉರಿಯದ ಅನಿಲ ಒಳಗೆ ಸೇರಿರುತ್ತದೆ. ಸುರಕ್ಷತಾ ಕವಾಟವೇ ಇಲ್ಲದ ಆವಿಗೆಯಲ್ಲಂತೂ ಎಷ್ಟು ಅನಿಲ ಸೇರಿದೆಯೆಂದು ಹೇಳಲಾಗದು. ಎಲ್.ಪಿ.ಜಿ. ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರ. ಅದು ಆವಿಗೆಯ ತಳದಲ್ಲಿ, ನೆಲದ ಗುಂಡಿಗಳಲ್ಲಿ, ಚರಂಡಿಯಲ್ಲಿ ನೀರಿನಂತೆ ನಿಲ್ಲುತ್ತದೆ. ಗಾಳಿಯಲ್ಲಿ ಸುಮಾರು ಶೇ. 2ರಷ್ಟು ಬೆರೆತರೂ ಕಿಡಿ ತಾಗಿದರೆ ಸ್ಫೋಟಿಸುತ್ತದೆ.

ಆದ್ದರಿಂದ ಉರಿ ಆರಿದೊಡನೆ ಬೆಂಕಿಕಡ್ಡಿ ಗೀರುವುದು ಮಾಡಬಾರದ ಮೊದಲ ಕೆಲಸ. ಮುಖ್ಯ ಕವಾಟವನ್ನು ಮುಚ್ಚಬೇಕು. ಡ್ಯಾಂಪರನ್ನು ಪೂರ್ಣ ತೆರೆಯಬೇಕು. ಆವಿಗೆ ತಣ್ಣಗಿದ್ದರೆ ಬಾಗಿಲನ್ನೂ ತೆರೆಯಬೇಕು. ಕಡಿಮೆಯೆಂದರೆ ಹತ್ತು ನಿಮಿಷ ಕಾಯಬೇಕು. ನೆಲಮಟ್ಟದಲ್ಲಿ ವಾಸನೆ ಇಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ವಾಸನೆ ಇದ್ದರೆ ವಿದ್ಯುತ್ ಗುಂಡಿಯನ್ನೂ ಮುಟ್ಟಬಾರದು. ಹೊತ್ತಿಸುವಾಗ ಮೊದಲು ಉದ್ದ ಹಿಡಿಯ ಪಂಜನ್ನು ಬರ್ನರಿನ ಬಾಯಲ್ಲಿಟ್ಟು ಅನಂತರ ಅನಿಲ ತೆರೆಯಬೇಕು. ಅನಿಲ ತೆರೆದು ಕಡ್ಡಿ ಹುಡುಕುವ ಅಭ್ಯಾಸ ಅನಾಹುತಕ್ಕೆ ಆಹ್ವಾನ. ಸೋರಿಕೆಯನ್ನು ಸಾಬೂನಿನ ನೊರೆಯಿಂದ ಪತ್ತೆಮಾಡಬೇಕು, ಬೆಂಕಿಯಿಂದ ಅಲ್ಲ.

ಕೆಲವು ಘಟಕಗಳಲ್ಲಿ ಮತ್ತೆ ಮತ್ತೆ ಮುಚ್ಚುವ ಕವಾಟದ ಗುಂಡಿಯನ್ನು ತಂತಿಯಿಂದ ಕಟ್ಟಿ ಅಥವಾ ಬೆಣೆ ಹೊಡೆದು ತೆರೆದಿಡುವುದು ರೂಢಿಯಾಗಿದೆ. ಬೇಡಿಕೆಯ ಒತ್ತಡದಲ್ಲಿ ಇದು ಸುಲಭೋಪಾಯವಾಗಿ ಕಾಣುವುದು ಸಹಜ. ಆದರೆ ಕವಾಟ ಮುಚ್ಚುತ್ತಿರುವುದು ಎಲ್ಲೋ ದೋಷವಿದೆ ಎಂಬ ಎಚ್ಚರಿಕೆ. ಎಚ್ಚರಿಸುವವನ ಬಾಯಿ ಕಟ್ಟಿದರೆ ದೋಷ ಹೋಗುವುದಿಲ್ಲ. ಮುಂದಿನ ಬಾರಿ ಉರಿ ಆರಿದಾಗ ಅನಿಲ ನಿಲ್ಲುವುದಿಲ್ಲ, ಅಷ್ಟೆ. ಒಂದು ಬೇಡಿಕೆ ತಪ್ಪಿದರೆ ಗ್ರಾಹಕನನ್ನು ಒಲಿಸಿಕೊಳ್ಳಬಹುದು. ಕೆಲಸಗಾರನ ಮುಖ ಸುಟ್ಟರೆ ಯಾವ ಲಾಭವೂ ಅದನ್ನು ತುಂಬಿಕೊಡದು.

ಅರ್ಧದಲ್ಲಿ ನಿಂತ ಸರಕಿನ ಗತಿ

ಆವಿಗೆ ಆರಿತೆಂದು ಸರಕೆಲ್ಲ ಹೋಯಿತೆಂದು ಭಾವಿಸಬೇಕಾಗಿಲ್ಲ. ಮುಖ್ಯವಾಗಿ ಬಿಸಿ ಆವಿಗೆಯ ಬಾಗಿಲನ್ನು ತೆರೆಯಬಾರದು. ಮಣ್ಣಿನಲ್ಲಿರುವ ಸ್ಫಟಿಕಶಿಲೆ 573 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹಠಾತ್ತಾಗಿ ಗಾತ್ರ ಬದಲಿಸುತ್ತದೆ. ಆ ಹಂತವನ್ನು ವೇಗವಾಗಿ ದಾಟಿ ತಣಿದರೆ ಪಾತ್ರೆ ಬಿರಿಯುತ್ತದೆ. ಅನಿಲವನ್ನು ಹೊರದೂಡಲು ಡ್ಯಾಂಪರ್ ತೆರೆದ ಹತ್ತು ನಿಮಿಷಗಳ ನಂತರ, ತಕ್ಷಣ ಹೊತ್ತಿಸುವುದಿಲ್ಲವಾದರೆ, ಡ್ಯಾಂಪರನ್ನೂ ಬರ್ನರ್ ಕಂಡಿಗಳನ್ನೂ ಮುಚ್ಚಿ ನಿಧಾನವಾಗಿ ತಣಿಯಲು ಬಿಡಬೇಕು.

ಮೊದಲ ಸುಡುವಿಕೆಯ ಸರಕನ್ನು, ಬಿರುಕು ಬಿಡದಿದ್ದರೆ, ಮತ್ತೊಮ್ಮೆ ಆರಂಭದಿಂದ ಸುಡಬಹುದು. ಮೆರುಗಿನ ಸರಕಿನಲ್ಲಿ ಮೆರುಗು ಕರಗುವ ಮುನ್ನ ಉರಿ ಆರಿದ್ದರೆ ಸಾಮಾನ್ಯವಾಗಿ ಹಾನಿಯಿಲ್ಲ. ಕಾರಣ ಬೇಗ ಸಿಕ್ಕಿ, ತಾಪ ನೂರು ಡಿಗ್ರಿಯೊಳಗಷ್ಟೇ ಇಳಿದಿದ್ದರೆ ಸುಡುವಿಕೆಯನ್ನು ಅಲ್ಲಿಂದಲೇ ಮುಂದುವರಿಸಬಹುದು. ಆವಿಗೆ ಪೂರ್ತಿ ತಣಿದಿದ್ದರೆ ಒಳಗಿಟ್ಟ ತಾಪಸೂಚಕ ಕೋನುಗಳನ್ನು ಬದಲಿಸಬೇಕು. ಒಮ್ಮೆ ಕಾದು ಅರ್ಧ ಬಾಗಿ ತಣಿದ ಕೋನು ಎರಡನೆಯ ಬಾರಿ ನಿಜ ಹೇಳುವುದಿಲ್ಲ.

ಲೆಕ್ಕಪತ್ರದ ದೃಷ್ಟಿಯಿಂದ

ಒಂದು ಸುಡುವಿಕೆಗೆ 40 ಕಿಲೋ ಅನಿಲ ಬೇಕೆಂದು ಭಾವಿಸೋಣ. 25 ಕಿಲೋ ಉರಿದ ಮೇಲೆ ಆವಿಗೆ ಆರಿ ಪೂರ್ತಿ ತಣಿದರೆ, ಮತ್ತೆ 40 ಕಿಲೋ ಬೇಕು. ಅದೇ ಸರಕಿಗೆ ಇಂಧನದ ವೆಚ್ಚ ಶೇ. 60ಕ್ಕಿಂತ ಹೆಚ್ಚಾಯಿತು. ಇದರೊಡನೆ ಎರಡು ದಿನದ ಕೂಲಿ, ಬಿರುಕು ಬಿಟ್ಟ ಸರಕು ಮತ್ತು ತಡವಾದ ರವಾನೆಯ ನಷ್ಟವನ್ನು ಕೂಡಿಸಬೇಕು. ಇದರೆದುರಿಗೆ ಒಂದು ಥರ್ಮೋಕಪಲ್ಲಿನ ಬೆಲೆ ಕೆಲವು ನೂರು ರೂಪಾಯಿ ಮಾತ್ರ. ಎರಡು ಥರ್ಮೋಕಪಲ್, ಒಂದು ಪೈಲಟ್ ರಂಧ್ರ, ಒಂದು ರೆಗ್ಯುಲೇಟರ್, ಭಾರತೀಯ ಮಾನಕ 9573ರ ಗುರುತಿರುವ ರಬ್ಬರ್ ಕೊಳವೆ, ಇಷ್ಟನ್ನು ಸದಾ ಸಂಗ್ರಹದಲ್ಲಿಟ್ಟರೆ ನಡುರಾತ್ರಿಯ ಅಂಗಡಿ ಹುಡುಕಾಟ ತಪ್ಪುತ್ತದೆ.

ಪ್ರತಿ ಸುಡುವಿಕೆಗೂ ಒಂದು ದಿನಚರಿ ಪುಸ್ತಕ ಇರಲಿ. ಹೊತ್ತಿಸಿದ ವೇಳೆ, ಗಂಟೆಗೊಮ್ಮೆ ತಾಪ, ಅನಿಲದ ಒತ್ತಡ, ಡ್ಯಾಂಪರಿನ ಸ್ಥಾನ, ಹವೆಯ ಸ್ಥಿತಿ, ಸಿಲಿಂಡರುಗಳ ತೂಕ, ಇಷ್ಟನ್ನು ಬರೆದಿಟ್ಟರೆ ಸಾಕು. ವ್ಯಾಪಾರಿಗೆ ಖಾತೆ ಪುಸ್ತಕ ಹೇಗೋ ಆವಿಗೆಗೆ ಈ ಪುಸ್ತಕ ಹಾಗೆ. ‘ಯಾವಾಗ ಆರಿತು?’ ಎಂಬ ಪ್ರಶ್ನೆಗೆ ಉತ್ತರ ಇಲ್ಲಿ ಸಿಗುತ್ತದೆ.

ಗೃಹಬಳಕೆಯ 14.2 ಕಿಲೋ ಸಿಲಿಂಡರನ್ನು ಉದ್ಯಮಕ್ಕೆ ಬಳಸುವುದು 2000ನೇ ಇಸವಿಯ ಎಲ್.ಪಿ.ಜಿ. ಸರಬರಾಜು ನಿಯಂತ್ರಣ ಆದೇಶದಂತೆ ನಿಷಿದ್ಧ ಎಂಬುದನ್ನು ಸದಸ್ಯರು ಗಮನಿಸಬೇಕು. ಮ್ಯಾನಿಫೋಲ್ಡ್ ಅಳವಡಿಸುವವರು ಭಾರತೀಯ ಮಾನಕ 6044ರ ನಿಯಮಗಳನ್ನು ಪಾಲಿಸುವ ಗುತ್ತಿಗೆದಾರರನ್ನೇ ಆರಿಸಿಕೊಳ್ಳಬೇಕು. ಕೇಂದ್ರ ಸರ್ಕಾರ 2023ರ ಸೆಪ್ಟೆಂಬರಿನಲ್ಲಿ ಆರಂಭಿಸಿದ ಪಿ.ಎಂ. ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕುಂಬಾರಿಕೆಯೂ ಸೇರಿದೆ. ಸಲಕರಣೆಗೆ 15,000 ರೂಪಾಯಿವರೆಗಿನ ನೆರವನ್ನೂ ಆಧಾರರಹಿತ ಸಾಲವನ್ನೂ ಅದರಲ್ಲಿ ಕಲ್ಪಿಸಲಾಗಿದೆ. ಕುಶಲಕರ್ಮಿಗಳಿಂದ ಸರಕು ಕೊಳ್ಳುವ ವರ್ತಕರು ಈ ಮಾಹಿತಿಯನ್ನು ಅವರಿಗೆ ತಲುಪಿಸಿದರೆ ಇಬ್ಬರಿಗೂ ಅನುಕೂಲ.

ಆವಿಗೆ ಆರುವುದಕ್ಕೆ ಕಾರಣವಿಲ್ಲದೆ ಇಲ್ಲ. ಆ ಕಾರಣ ಬಹುಮಟ್ಟಿಗೆ ಸಣ್ಣದು, ಅಗ್ಗವಾದದ್ದು ಮತ್ತು ಮುಂಚಿತವಾಗಿಯೇ ಕಂಡುಹಿಡಿಯಬಹುದಾದದ್ದು. ಸರಕು ತುಂಬುವ ಹಿಂದಿನ ದಿನವೇ ಖಾಲಿ ಆವಿಗೆಯನ್ನು ಒಂದು ಗಂಟೆ ಉರಿಸಿ ನೋಡುವ ಪದ್ಧತಿಯನ್ನು, ವಿಶೇಷವಾಗಿ ಮಳೆಗಾಲದ ನಂತರ ಹಾಗೂ ದೀಪಾವಳಿಯ ಬೇಡಿಕೆಗೆ ಮುನ್ನ, ನಮ್ಮ ಸಣ್ಣ ತಯಾರಕರು ರೂಢಿಸಿಕೊಳ್ಳಲಿ. ದೋಷವಿದ್ದರೆ ಖಾಲಿ ಆವಿಗೆಯಲ್ಲೇ, ಹಗಲು ಹೊತ್ತಿನಲ್ಲೇ ಅದು ಕಾಣಿಸಿಕೊಳ್ಳಲಿ.